ಪೆರ್ಲದ ಮನೆಯಂಗಳದಲ್ಲೇ ಕಾರಿನ ವೀಲ್ ಅಲೈನ್‌ಮೆಂಟ್ ಮಾಡಿಕೊಳ್ಳಬಹುದೇ?

ನೀವು ಕೇಳಿದ್ದು ಇಷ್ಟು: ಮನೆ ಪೆರ್ಲದ ಹತ್ತಿರ, ಕಾರು ಹಳೆಯ ಆಲ್ಟೋ. ಎಡಬದಿಯ ಟೈ ರಾಡ್ ಎಂಡ್ (ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ತಲುಪಿಸುವ ರಾಡಿನ ತುದಿ) ಹೊಸತು ಹಾಕಿಸಿದ ಮೇಲೆ ನೇರ ಹೋಗುವಾಗಲೂ ಸ್ಟಿಯರಿಂಗ್ ಎಡಕ್ಕೆ ತಿರುಗಿಕೊಂಡೇ ಇರುತ್ತದೆ. ಅಲೈನ್‌ಮೆಂಟಿಗೆಂದು ಕಾಸರಗೋಡಿಗೋ ಪುತ್ತೂರಿಗೋ ಹೋಗುವ ಬದಲು ದಾರ ಕಟ್ಟಿ ಮನೆಯಲ್ಲೇ ಸರಿ ಮಾಡಬಹುದೇ?

ಮಾಡಬಹುದು, ಆದರೆ ಟೋ ಒಂದನ್ನು ಮಾತ್ರ. ಟೋ ಅಂದರೆ ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂಗು ಒಳಗೆ ತಿರುಗಿದೆಯೋ ಹೊರಗೋ ಎಂಬ ಲೆಕ್ಕ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ವಾಲು) ಎಂಬ ಇನ್ನೆರಡು ಕೋನಗಳಿವೆ. ನಮ್ಮ ಸಣ್ಣ ಕಾರುಗಳಲ್ಲಿ ಅವನ್ನು ಹೊಂದಿಸಲು ಸಾಮಾನ್ಯವಾಗಿ ಸ್ಕ್ರೂ ಬೋಲ್ಟು ಏನೂ ಇರುವುದಿಲ್ಲ, ಮೆಶಿನಿನವರೂ ತೋರಿಸಿ ಬಿಡುತ್ತಾರೆ ಅಷ್ಟೆ. ಟೈ ರಾಡ್ ಎಂಡ್ ಬದಲಿಸಿದಾಗ ಕೆಡುವುದೂ ಟೋ ಒಂದೇ.

ನಿಮ್ಮ ಲಕ್ಷಣ ಕೇಳಿದರೆ ತಪ್ಪು ಎಲ್ಲಿದೆ ಎಂದು ಅಂದಾಜು ಮಾಡಬಹುದು. ಸ್ಟಿಯರಿಂಗ್ ನೇರ ಹಿಡಿದರೆ ಕಾರು ಬಲಕ್ಕೆ ಹೋಗುತ್ತದೆ, ಅಂದರೆ ಎಡ ಚಕ್ರದ ಮೂಗು ಒಳಗೆ ತಿರುಗಿದೆ. ಟೈ ರಾಡ್ ಚಕ್ರದ ನಡುಗೆರೆಗಿಂತ ಹಿಂದೆ ಇದ್ದರೆ ಎಡ ರಾಡ್ ಉದ್ದವಾಗಿದೆ, ಮುಂದೆ ಇದ್ದರೆ ಗಿಡ್ಡವಾಗಿದೆ. ಬಗ್ಗಿ ನೋಡಿ ಇದನ್ನು ಮೊದಲೇ ಖಚಿತ ಮಾಡಿಕೊಳ್ಳಿ. ಇಲ್ಲಿ ಎಡವಿದವರು ಉಲ್ಟಾ ತಿರುಗಿಸಿ ದುಪ್ಪಟ್ಟು ಕೆಡಿಸುತ್ತಾರೆ.

ದಾರ ಕಟ್ಟುವ ಮೊದಲು ಸಡಿಲ ಯಾವುದೂ ಇಲ್ಲವೆಂದು ನೋಡಬೇಕು. ಮುಂದಿನ ಚಕ್ರ ಎತ್ತಿ, ಎಡ-ಬಲ ಅಂಚು ಹಿಡಿದು ಅಲುಗಾಡಿಸಿ. ಕಟಕಟ ಅಂದರೆ ಟೈ ರಾಡ್ ಅಥವಾ ಅದನ್ನು ಎಡ-ಬಲ ತಳ್ಳುವ ಸ್ಟಿಯರಿಂಗ್ ರ‍್ಯಾಕ್. ಮೇಲೆ-ಕೆಳಗೆ ಹಿಡಿದಾಗ ಅಲುಗಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮಿನ ರಬ್ಬರ್ ಬುಶ್ ಹರಿದಿದ್ದರೆ ನೀವು ಅಂಗಳದಲ್ಲಿ ಇಟ್ಟ ಅಳತೆ ಗೇಟು ದಾಟುವುದರೊಳಗೆ ಬದಲಾಗುತ್ತದೆ, ಅದನ್ನು ಹಾಕಿಸದೆ ಈ ಕೆಲಸಕ್ಕೆ ಇಳಿಯಬೇಡಿ. ಟಯರಿನ ಗಾಳಿ ಚಾಲಕನ ಬಾಗಿಲಿನ ಕಂಬದ ಸ್ಟಿಕರಿನಲ್ಲಿರುವಷ್ಟೇ ಇರಲಿ, ಎರಡೂ ಬದಿ ಸಮ.

ಜಾಗಕ್ಕೆ ಅಡಿಕೆ ಒಣಹಾಕುವ ಸಿಮೆಂಟಿನ ಅಂಗಳದಷ್ಟು ಒಳ್ಳೆಯದು ಬೇರೆ ಇಲ್ಲ. ಮಳೆನೀರು ಹರಿಯಲು ಕೊಟ್ಟ ಸಣ್ಣ ಇಳಿಜಾರು ಟೋ ಅಳತೆಯನ್ನು ಕೆಡಿಸುವುದಿಲ್ಲ, ಆದರೆ ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದನ್ನು ಮರೆಯಬೇಡಿ. ಮುಂದಿನ ಎರಡು ಚಕ್ರಗಳ ಕೆಳಗೆ ದಪ್ಪ ರಸಗೊಬ್ಬರ ಚೀಲದ ಎರಡೆರಡು ತುಂಡು, ನಡುವೆ ಧಾರಾಳ ಗ್ರೀಸ್. ಇದಿಲ್ಲದಿದ್ದರೆ ರಾಡ್ ತಿರುಗಿಸಿದಾಗ ಟಯರ್ ನೆಲ ಕಚ್ಚಿ ಹಿಡಿದು ಅರ್ಧವೇ ತಿರುಗುತ್ತದೆ, ಅಳತೆ ಸುಳ್ಳಾಗುತ್ತದೆ. ಕಾರನ್ನು ನಾಲ್ಕೈದು ಮೀಟರ್ ಹಿಂದಿನಿಂದ ನೇರ ಉರುಳಿಸಿಕೊಂಡು ಬಂದು ಚೀಲಗಳ ಮೇಲೆ ನಿಲ್ಲಿಸಿ. ಜ್ಯಾಕ್ ಇಳಿಸಿದ ಕೂಡಲೇ ಅಳೆಯಬಾರದು, ಸಸ್ಪೆನ್ಶನ್ ಇನ್ನೂ ತನ್ನ ಜಾಗಕ್ಕೆ ಕೂತಿರುವುದಿಲ್ಲ. ಸ್ಟಿಯರಿಂಗನ್ನು ನೇರ ಇಟ್ಟು ಸೀಟಿಗೆ ಹಗ್ಗದಲ್ಲಿ ಕಟ್ಟಿಬಿಡಿ.

ಈಗ ದಾರ. ಎರಡು ಮೀಟರ್ ಉದ್ದದ ಎರಡು ಚೌಕ ಪೈಪ್ ತಗೊಂಡು, ಎರಡರಲ್ಲೂ ಸರಿಯಾಗಿ 1.80 ಮೀಟರ್ ಅಂತರಕ್ಕೆ ಗರಗಸದಿಂದ ಎರಡು ಗೀರು ಹಾಕಿ. ಒಂದನ್ನು ಕಾರಿನ ಮುಂದೆ, ಇನ್ನೊಂದನ್ನು ಹಿಂದೆ, ಕೆಂಪುಕಲ್ಲಿನ ಮೇಲೆ ಚಕ್ರದ ನಡುವಿನ ಎತ್ತರಕ್ಕೆ ಇಡಿ. ಗೀರಿನಿಂದ ಗೀರಿಗೆ ತಂಗೂಸು (ಗಾಳದ ನೈಲಾನ್ ದಾರ) ಬಿಗಿಯಾಗಿ ಎಳೆದರೆ ಎರಡು ದಾರಗಳೂ ತಾವಾಗಿಯೇ ಸಮಾನಾಂತರ. ಹತ್ತಿಯ ದಾರ ಬೇಡ, ಜೋಲುತ್ತದೆ.

ಇನ್ನು ದಾರಗಳ ನಡುವೆ ಕಾರನ್ನು ಕೂರಿಸುವ ಕೆಲಸ. ಅರ್ಧ ಸಮಯ ಹೋಗುವುದು ಇಲ್ಲೇ. ಹಿಂದಿನ ಎರಡು ಹಬ್‌ಗಳ (ಚಕ್ರದ ನಡುಭಾಗ) ಮಧ್ಯಬಿಂದುವಿನಿಂದ ದಾರಕ್ಕೆ ಇರುವ ದೂರ ಎಡಕ್ಕೂ ಬಲಕ್ಕೂ ಒಂದೇ ಆಗಬೇಕು, ಮುಂದಿನ ಎರಡರದ್ದೂ ಹಾಗೆಯೇ. ಮುಂದಿನ ಲೆಕ್ಕ ಹಿಂದಿನದಕ್ಕೆ ಸಮ ಇರಬೇಕೆಂದಿಲ್ಲ. ಮುಂದಿನ ಚಕ್ರಗಳ ಅಂತರ ಹಿಂದಿನವಕ್ಕಿಂತ ಕೆಲವು ಮಿ.ಮೀ. ಹೆಚ್ಚುಕಡಿಮೆ ಇರುವುದು ಸಹಜ. ಇದನ್ನು ತಿಳಿಯದೆ ನಾಲ್ಕನ್ನೂ ಸಮ ಮಾಡಿದರೆ ದಾರಗಳೇ ವಾರೆಯಾಗುತ್ತವೆ. ಪೈಪುಗಳನ್ನು ಸರಿಸಿ ಸರಿಸಿ ಅರ್ಧ ಮಿ.ಮೀ. ಒಳಗೆ ತನ್ನಿ.

ಆಮೇಲೆ ಅಂಚಿನಲ್ಲೇ ಸೊನ್ನೆ ಇರುವ ಸ್ಟೀಲ್ ಸ್ಕೇಲ್ ಹಿಡಿದು, ರಿಮ್ಮಿನ ಮುಂದಂಚಿನಿಂದ ದಾರಕ್ಕೆ, ಹಿಂದಂಚಿನಿಂದ ದಾರಕ್ಕೆ ಅಳೆಯಿರಿ. ಎರಡೂ ಹಬ್ಬಿನ ಎತ್ತರದಲ್ಲೇ. ಮುಂದಿನ ದೂರ ಹೆಚ್ಚಿದ್ದರೆ ಟೋ-ಇನ್, ಕಡಿಮೆಯಿದ್ದರೆ ಟೋ-ಔಟ್. ಸ್ಕೇಲ್ ದಾರಕ್ಕೆ ತಾಗಿ ತಳ್ಳದಿರಲಿ. ಎಲ್ಲವನ್ನೂ ಬರೆದಿಟ್ಟು, ದಾರ ಬಿಚ್ಚಿ ಮತ್ತೆ ಕಟ್ಟಿ ಇನ್ನೊಮ್ಮೆ ಅಳೆಯಿರಿ. ಎರಡು ಸಲದ ಲೆಕ್ಕ ಅರ್ಧ ಮಿ.ಮೀ.ಗಿಂತ ಹೆಚ್ಚು ಬೇರೆ ಬಂದರೆ ಸ್ಪ್ಯಾನರ್ ಮುಟ್ಟಬೇಡಿ, ಅಳೆಯುವುದೇ ಇನ್ನೂ ಸರಿಯಾಗಿಲ್ಲ. ರಿಮ್ ಸೊಟ್ಟಗಿದೆಯೋ ಎಂದು ಮೊದಲೇ ಚಕ್ರ ಎತ್ತಿ ತಿರುಗಿಸಿ, ಸೀಮೆಸುಣ್ಣ ಹಿಡಿದು ನೋಡಿರಬೇಕು. ನಮ್ಮ ಕಡೆಯ ರಸ್ತೆಯಲ್ಲಿ ಡಾಮರಿನ ಅಂಚು ಇಳಿದು ಹತ್ತಿದ ಚಕ್ರಗಳಲ್ಲಿ ಎಡದ್ದು ಸೊಟ್ಟ ಆಗಿರುವುದು ಅಪರೂಪವಲ್ಲ.

ಎಷ್ಟಿರಬೇಕು ಎಂಬುದಕ್ಕೆ ನಿಮ್ಮ ಮಾಡೆಲಿನ ಸರ್ವೀಸ್ ಮ್ಯಾನ್ಯುವಲ್ಲೇ ಪ್ರಮಾಣ. ಅದು ಸಿಗದಿದ್ದರೆ ಎರಡೂ ಚಕ್ರ ಸೇರಿ 0ಯಿಂದ 1 ಮಿ.ಮೀ. ಟೋ-ಇನ್ ಇಟ್ಟರೆ ಮುಂದಿನ ಚಕ್ರ ಎಳೆಯುವ ಸಣ್ಣ ಕಾರಿಗೆ ಅಪಾಯವಿಲ್ಲ ಎಂಬುದು ನನ್ನ ಅಭಿಪ್ರಾಯ. 12 ಇಂಚಿನ ರಿಮ್ಮಿನ ಹೊರ ಅಂಚು ಸುಮಾರು 34 ಸೆಂ.ಮೀ. ಇರುತ್ತದೆ. ಅದರಲ್ಲಿ ಒಟ್ಟು 4 ಮಿ.ಮೀ. ತಪ್ಪಿದ್ದರೆ ಪ್ರತಿ ಟಯರು ಕಿಲೋಮೀಟರಿಗೆ 6 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡು ಓಡುತ್ತದೆ. ಟಯರ್ ತಿನ್ನುವುದು ಹೀಗೆ. ಅಂಗೈಯನ್ನು ಟಯರಿನ ಮೇಲೆ ಅಡ್ಡಕ್ಕೆ ಸವರಿ ನೋಡಿ: ಹೊರಗಿನಿಂದ ಒಳಗೆ ನುಣುಪು, ಒಳಗಿನಿಂದ ಹೊರಗೆ ಚೂಪು ಎನಿಸಿದರೆ ಟೋ-ಇನ್ ಹೆಚ್ಚಾಗಿದೆ.

ತಿರುಗಿಸುವಾಗ ಮೊದಲ ಅಡ್ಡಿ ರಾಡಿಗೆ ಎಂಡನ್ನು ಬಿಗಿದು ಹಿಡಿಯುವ ಲಾಕ್ ನಟ್. ಮಳೆಗಾಲದ ಕೆಸರು ಕುಡಿದು ತುಕ್ಕು ಹಿಡಿದಿರುತ್ತದೆ. ಹಿಂದಿನ ರಾತ್ರಿಯೇ ತಂತಿ ಬ್ರಶ್ಶಿನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ಬಿಚ್ಚುವ ಮೊದಲು ನಟ್, ರಾಡ್, ಎಂಡ್ ಮೂರಕ್ಕೂ ಸೇರುವಂತೆ ಬಣ್ಣದ ಗೆರೆ ಎಳೆಯಿರಿ, ಹಾಳಾದರೆ ವಾಪಸು ಬರಲು ದಾರಿ ಬೇಕಲ್ಲ. ಎಂಡನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು ಇನ್ನೊಂದರಲ್ಲಿ ನಟ್ ಸಡಿಲಿಸಿ. ರ‍್ಯಾಕ್ ಬೂಟಿನ (ರಬ್ಬರ್ ಹೊದಿಕೆ) ಹೊರಗಿನ ಕ್ಲಿಪ್ಪನ್ನೂ ಸರಿಸಬೇಕು. ಇಲ್ಲವಾದರೆ ರಾಡ್ ಜೊತೆ ಬೂಟೂ ತಿರುಚಿಕೊಂಡು ಹರಿಯುತ್ತದೆ, ಒಳಗೆ ನೀರು ಹೋಗಿ ರ‍್ಯಾಕೇ ಹಾಳು. ಆ ಖರ್ಚಿಗೆ ಎಷ್ಟೋ ಸಲ ಪುತ್ತೂರಿಗೆ ಹೋಗಿ ಬರಬಹುದು.

ರಾಡನ್ನು ಕಾಲು ಸುತ್ತು ತಿರುಗಿಸಿದರೆ ಸಣ್ಣ ಕಾರಿನಲ್ಲಿ ಸುಮಾರು 1 ಮಿ.ಮೀ. ಬದಲಾಗುತ್ತದೆ. ಮೊದಲು ಕಾಲು ಸುತ್ತು ಮಾತ್ರ, ಅಳತೆ, ಆಮೇಲೆ ಮುಂದಿನದು. ಎಡ ಚಕ್ರದ ಟೋ ಮಾತ್ರ ತಪ್ಪಿದ್ದರೆ ಎಡ ರಾಡ್ ಒಂದನ್ನೇ ಮುಟ್ಟಿ, ಸ್ಟಿಯರಿಂಗೂ ಜೊತೆಗೇ ನೇರ ಬರುತ್ತದೆ. ಒಟ್ಟು ಟೋ ಸರಿಯಿದ್ದು ಸ್ಟಿಯರಿಂಗ್ ಮಾತ್ರ ವಾರೆ ಎಂದಾದರೆ ಒಂದು ರಾಡನ್ನು ಎಷ್ಟು ಉದ್ದ ಮಾಡುತ್ತೀರೋ ಇನ್ನೊಂದನ್ನು ಅಷ್ಟೇ ಗಿಡ್ಡ ಮಾಡಬೇಕು. ಸ್ಟಿಯರಿಂಗ್ ಚಕ್ರವನ್ನೇ ಬಿಚ್ಚಿ ನೇರಕ್ಕೆ ಕೂರಿಸುವ ಯೋಚನೆ ಬೇಡವೇ ಬೇಡ, ಏರ್‌ಬ್ಯಾಗ್ ಇರುವ ಕಾರಿನಲ್ಲಂತೂ ಅದು ಅಪಾಯ.

ಲಾಕ್ ನಟ್ ಬಿಗಿ ಮಾಡುವಾಗ ರಾಡ್ ತುಸು ತಿರುಗಿಬಿಡುತ್ತದೆ, ಅರ್ಧ ಮಿ.ಮೀ. ಅಲ್ಲೇ ಹೋಗುತ್ತದೆ. ಆದ್ದರಿಂದ ಕೊನೆಯ ಅಳತೆ ನಟ್ ಬಿಗಿದ ಮೇಲೆಯೇ. ಅಳತೆ ಸರಿ ಬಂದರೆ ಹೊಸದಾಗಿ ಬಣ್ಣದ ಗೆರೆ ಎಳೆಯಿರಿ. ಬರೇ ಜ್ಯಾಕಿನ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕಬೇಡಿ. ನಟ್ಟಿಗೆ ಕೈ ಎಟುಕದಿದ್ದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಚಕ್ರದ ಹಿಂದಿನಿಂದ ಕೈ ಹಾಕಿ, ಆಮೇಲೆ ಮತ್ತೆ ನೇರಕ್ಕೆ ತಂದು ಕಟ್ಟಿ.

ದಾರ ಇದ್ದಾಗಲೇ ಹಿಂದಿನ ಚಕ್ರಗಳನ್ನೂ ಅಳೆದುಬಿಡಿ. ಒಂದರಲ್ಲಿ ಟೋ-ಇನ್, ಇನ್ನೊಂದರಲ್ಲಿ ಅಷ್ಟೇ ಟೋ-ಔಟ್ ಕಂಡರೆ ಹಿಂದಿನ ಆಕ್ಸಲೇ ವಾರೆಯಾಗಿದೆ. ಆಗ ಮುಂದಿನ ಚಕ್ರಗಳನ್ನು ದಾರಕ್ಕೆ ಸರಿಯಾಗಿ ಹೊಂದಿಸಿದರೂ ಸ್ಟಿಯರಿಂಗ್ ನೇರ ನಿಲ್ಲದು. ಕ್ಯಾಂಬರಿಗೆ ಮೇಸ್ತ್ರಿಯ ತೂಗುಗುಂಡು ಸಾಕು: ಚಕ್ರದ ಪಕ್ಕ ಇಳಿಬಿಟ್ಟು ರಿಮ್ಮಿನ ಮೇಲಂಚು, ಕೆಳಅಂಚು ಅಳೆಯಿರಿ. 34 ಸೆಂ.ಮೀ.ಗೆ 6 ಮಿ.ಮೀ. ವ್ಯತ್ಯಾಸ ಅಂದರೆ ಒಂದು ಡಿಗ್ರಿ. ಅಂಗಳದ ಇಳಿಜಾರು ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಕಾರನ್ನು ಅದೇ ಜಾಗದಲ್ಲಿ ತಿರುಗಿಸಿ ನಿಲ್ಲಿಸಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಿರಿ. ಎಡಕ್ಕೂ ಬಲಕ್ಕೂ 3 ಮಿ.ಮೀ.ಗಿಂತ ಹೆಚ್ಚು ಬೇರೆ ಬಂದರೆ ಸ್ಟ್ರಟ್ಟೋ (ಶಾಕ್ ಅಬ್ಸಾರ್ಬರಿನ ಕಂಬ) ಲೋವರ್ ಆರ್ಮೋ ಬಗ್ಗಿರಬಹುದು. ಅದು ಗ್ಯಾರೇಜಿನ ಕೆಲಸ.

ಓಡಿಸಿ ನೋಡುವಾಗ ಒಂದು ವಿಷಯ ಗಮನದಲ್ಲಿರಲಿ. ನೀರು ಹರಿಯಲೆಂದು ರಸ್ತೆಯ ಎಡಬದಿ ಇಳಿಜಾರಾಗಿಯೇ ಇರುತ್ತದೆ, ಕೈಬಿಟ್ಟರೆ ಕಾರು ಮೆಲ್ಲನೆ ಎಡಕ್ಕೆ ಸರಿಯುವುದು ನಿಮ್ಮ ತಪ್ಪಲ್ಲ. ಜೋರಾಗಿ ಎಳೆದರೆ ಮುಂದಿನ ಎರಡು ಟಯರುಗಳನ್ನು ಅದಲುಬದಲು ಮಾಡಿ. ಎಳೆತವೂ ಬದಿ ಬದಲಿಸಿದರೆ ದೋಷ ಟಯರಿನದ್ದು. 300 ಕಿ.ಮೀ. ಆದ ಮೇಲೆ ಬಗ್ಗಿ ಲಾಕ್ ನಟ್ಟಿನ ಮೇಲೆ ಹೊಸದಾಗಿ ಎಳೆದ ಬಣ್ಣದ ಗೆರೆ ಮುರಿದಿಲ್ಲವೆಂದು ನೋಡಿ.