ಕ್ರಿಯಾಟಿನಿನ್ ಸ್ವಲ್ಪವೇ ಜಾಸ್ತಿ, ಮಾತ್ರೆ ಯಾಕೆ ಕಮ್ಮಿ?

ಪ್ರಶ್ನೆ: ನಮ್ಮ ತಂದೆಗೆ 76 ವರ್ಷ, ತೂಕ 54 ಕೆಜಿ. ಸಕ್ಕರೆ ಕಾಯಿಲೆಯಿಂದ ಪಾದ ಉರಿ. ಗ್ಯಾಬಾಪೆಂಟಿನ್ 300 ದಿನಕ್ಕೆ ಮೂರು ಸಲ ಬರೆದುಕೊಟ್ಟಿದ್ದರು. ಮೊದಲು ಆರಾಮಾಗಿದ್ದರು. ನಾಲ್ಕನೇ ದಿನದಿಂದ ಕೂತಲ್ಲೇ ತೂಕಡಿಕೆ, ಬಾತ್‌ರೂಮಿಗೆ ಹೋಗುವಾಗ ಜೋಲಿ ಹೊಡೆಯುತ್ತಾರೆ. ಈಗ ಬೇರೆ ಡಾಕ್ಟರ್ ಎರಡು ಸಲ ಸಾಕು ಎಂದಿದ್ದಾರೆ. ಕ್ರಿಯಾಟಿನಿನ್ 1.5 ಅಷ್ಟೇ. ಇಷ್ಟಕ್ಕೆಲ್ಲಾ ಡೋಸ್ ಇಳಿಸಬೇಕಾ ಮೇಡಂ?
— ಓದುಗರು, ಶ್ರೀನಗರ, ಬೆಂಗಳೂರು

ಉತ್ತರ: ಇಳಿಸಲೇಬೇಕು. ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಹೊರಹಾಕಬೇಕಾದ ಕಸ, ಅದು ಹುಟ್ಟುವುದು ಮಾಂಸಖಂಡದಲ್ಲಿ. ವಯಸ್ಸಾಗಿ ಮೈ ಇಳಿದವರಲ್ಲಿ ಅದು ಹುಟ್ಟುವುದೇ ಕಮ್ಮಿ. ಕಿಡ್ನಿ ಸಾಕಷ್ಟು ಸೋತಿದ್ದರೂ ರಿಪೋರ್ಟಿನ ಅಂಕಿ ಅಷ್ಟಾಗಿ ಏರುವುದಿಲ್ಲ.

ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತ ಶುದ್ಧ ಮಾಡುತ್ತಿದೆ ಎಂದು ಅಂದಾಜಿಸಲು ಫಾರ್ಮಸಿಯಲ್ಲಿ ನಾವು ಈಗಲೂ ಹಾಕುವುದು 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಲೆಕ್ಕ. ಮೊಬೈಲ್ ತೆಗೆಯಿರಿ. 140ರಲ್ಲಿ ವಯಸ್ಸು ಕಳೆದರೆ 64. ತೂಕದಿಂದ ಗುಣಿಸಿದರೆ 3,456. ಇನ್ನು 72ನ್ನು 1.5ರಿಂದ ಗುಣಿಸಿದರೆ 108. ಅದರಿಂದ ಭಾಗಿಸಿ. ನಿಮಿಷಕ್ಕೆ 32 ಮಿಲಿ ಬಂತಲ್ಲ? ಹೆಂಗಸರಾಗಿದ್ದರೆ ಮತ್ತೆ 0.85ರಿಂದ ಗುಣಿಸಬೇಕಿತ್ತು. ಗಟ್ಟಿಮುಟ್ಟಾದ ಹುಡುಗರಲ್ಲಿ ಇದು 100ರ ಆಸುಪಾಸು. ಅಂದರೆ ನಿಮ್ಮ ತಂದೆಯವರ ಕಿಡ್ನಿ ಕೆಲಸ ಮಾಡುತ್ತಿರುವುದು ಮೂರರಲ್ಲಿ ಒಂದು ಪಾಲು.

ಗ್ಯಾಬಾಪೆಂಟಿನ್ ತಂಟೆಗೆ ಲಿವರ್ ಹೋಗುವುದೇ ಇಲ್ಲ. ಅದು ಇದ್ದ ಹಾಗೇ ಮೂತ್ರದಲ್ಲಿ ಹೋಗಬೇಕು. ಕಿಡ್ನಿ ಚೆನ್ನಾಗಿದ್ದರೆ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 6 ಗಂಟೆ. ಅರ್ಧಕ್ಕಿಳಿಯುವ ಲೆಕ್ಕಕ್ಕೆಲ್ಲ ಬಳಸುವ ಸ್ಥಿರ ಅಂಕಿ 0.693ನ್ನು 6ರಿಂದ ಭಾಗಿಸಿ: 0.116. ಇದೇ ಔಷಧಿ ಹೊರಹೋಗುವ ದರ, ಗಂಟೆಗೆ ಹೆಚ್ಚುಕಮ್ಮಿ ಶೇ. 11. ಕಿಡ್ನಿ ಮೂರನೇ ಒಂದಾದರೆ ದರವೂ ಅಷ್ಟೇ, 0.039. ಆಗ ಅರ್ಧಕ್ಕಿಳಿಯಲು 18 ಗಂಟೆ ಹಿಡಿಯುತ್ತದೆ. ಎಂಟು ಗಂಟೆಗೊಂದು ನುಂಗಿದರೆ ಹಳೆಯದು ಖಾಲಿಯಾಗುವ ಮುಂಚೆ ಹೊಸದು ಬಂದು ಕೂರುತ್ತದೆ. ಹೀಗೆ ಏರಿ ಏರಿ ಒಂದು ಮಟ್ಟದಲ್ಲಿ ನಿಲ್ಲಲು ಅಂಥ 18 ಗಂಟೆ ನಾಲ್ಕೈದು ಸಲ ಕಳೆಯಬೇಕು. ಅಂದರೆ ಮೂರು ದಿನ ದಾಟಿ ನಾಲ್ಕನೆಯದು. ತೂಕಡಿಕೆ ಶುರುವಾಗಿದ್ದೂ ಆಗಲೇ ಅಲ್ವಾ? ವಯಸ್ಸಾಯ್ತು ಅಂತ ಸುಮ್ನೆ ಬಿಡಲಿಲ್ಲವಲ್ಲ, ಒಳ್ಳೆಯದಾಯಿತು.

ಎಲ್ಲ ಮಾತ್ರೆಗೂ ಈ ಲೆಕ್ಕ ಇಲ್ಲ. ಕೊಲೆಸ್ಟ್ರಾಲಿನ ಅಟೊರ್ವಾಸ್ಟಾಟಿನ್ ಲಿವರ್ ದಾರಿ ಹಿಡಿಯುತ್ತದೆ, ಕಿಡ್ನಿಗಾಗಿ ಅದನ್ನು ಇಳಿಸಬೇಕಿಲ್ಲ. ಆದರೆ ಉರಿ ಜಾಸ್ತಿಯಾಯಿತೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಂದು ಕೊಟ್ಟೀರಿ, ಜೋಕೆ! ಉಳಿದಿರುವ ಕಿಡ್ನಿಗೂ ಅದು ಪೆಟ್ಟು.

ಮುಂದಿನ ರಿಪೋರ್ಟಿನಲ್ಲಿ 1.8 ಬಂದರೆ ನಮ್ಮ 32 ಇಳಿದು 27 ಆಗುತ್ತದೆ. 30ರ ಕೆಳಗೆ ಗ್ಯಾಬಾಪೆಂಟಿನ್ ಸಾಮಾನ್ಯವಾಗಿ ದಿನಕ್ಕೆ ಒಂದೇ ಹೊತ್ತು. ನೀವೇ ನಿಲ್ಲಿಸಲು ಹೋಗಬೇಡಿ, ಅಪಾಯಿಂಟ್‌ಮೆಂಟಿಗೂ ಕಾಯಬೇಡಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.