ಕುಳಿತೇ ಗೋಲು ಕಾಯುವುದು ಹೇಗೆ?

ನಮಸ್ಕಾರ. ‘ಸ್ಲೆಡ್ಜ್ ಹಾಕಿಯಲ್ಲಿ ಗೋಲ್‌ಕೀಪರ್ ಕುಳಿತುಕೊಂಡೇ ಹೇಗೆ ಚೆಂಡು ತಡೀತಾನೆ? ಒಬ್ಬ ಒಳ್ಳೆ ಕೀಪರ್ ಹೆಸರು ಹೇಳಿ’ ಎಂದು ಕೇಳಿದ್ದೀರಿ.

ಇದು ಕಾಲಿನ ಅಂಗವೈಕಲ್ಯ ಇರುವವರು ಮಂಜುಗಡ್ಡೆಯ ಮೇಲೆ ಕುಳಿತು ಆಡುವ ಹಾಕಿ. ಮೊದಲಿಗೆ, ಅಲ್ಲಿ ಚೆಂಡಿಲ್ಲ. ಪಕ್ ಅನ್ನೋ ಚಪ್ಪಟೆ ರಬ್ಬರ್ ಬಿಲ್ಲೆ. ಆಟಗಾರರು ಅಡಿಯಲ್ಲಿ ಬ್ಲೇಡ್ ಇರುವ ಪುಟ್ಟ ಸ್ಲೆಡ್‌ಗೆ (ಜಾರುಗಾಡಿಗೆ) ಸೊಂಟ ಬಿಗಿದುಕೊಂಡು ಕೂರುತ್ತಾರೆ. ಎರಡೂ ಕೈಯಲ್ಲಿ ಗಿಡ್ಡ ಸ್ಟಿಕ್. ಅದರ ಒಂದು ತುದಿಯಲ್ಲಿ ಚೂಪು ಹಲ್ಲು, ಅದನ್ನು ಮಂಜಿಗೆ ಊರಿ ಮುಂದೆ ಸಾಗುತ್ತಾರೆ. ಕೀಪರ್‌ಗೆ ಮಾತ್ರ ಒಂದೇ ಸ್ಟಿಕ್, ಇನ್ನೊಂದು ಕೈಗೆ ಗ್ಲೌಸ್. ಆ ಗ್ಲೌಸ್‌ಗೂ ಹಲ್ಲುಗಳಿರುತ್ತವೆ. ಅದನ್ನೂ ಊರಿಯೇ ಅತ್ತಿತ್ತ ಸರಿಯಬೇಕು, ಮರುಕ್ಷಣ ಅದೇ ಕೈಯಲ್ಲಿ ಪಕ್ ಹಿಡಿಯಬೇಕು. ನನಗೆ ಇಡೀ ಆಟದಲ್ಲಿ ಜಾಸ್ತಿ ಕಷ್ಟದ ಕೆಲಸ ಇದೇ ಅನ್ನಿಸುತ್ತೆ.

ಹೆಸರು ಬೇಕಾದರೆ ಅಮೆರಿಕದ ಸ್ಟೀವ್ ಕ್ಯಾಶ್. ಸೇಂಟ್ ಲೂಯಿಸ್ ಕಡೆಯವರು. ಮೂಳೆ ಕ್ಯಾನ್ಸರ್‌ನಿಂದ 3ನೇ ವಯಸ್ಸಿಗೇ ಬಲಗಾಲು ಹೋಯಿತು. 2006ರಲ್ಲಿ ಟ್ಯೂರಿನ್ ಪ್ಯಾರಾಲಿಂಪಿಕ್ಸ್‌ನಲ್ಲಿ ತಂಡಕ್ಕೆ ಕಂಚು. 2010ರ ವ್ಯಾಂಕೂವರ್‌ನಲ್ಲಂತೂ 5 ಪಂದ್ಯದಲ್ಲಿ ಅಮೆರಿಕ ಒಂದೇ ಒಂದು ಗೋಲು ಬಿಟ್ಟುಕೊಡಲಿಲ್ಲ. ಫೈನಲ್‌ನಲ್ಲಿ ಜಪಾನ್ ವಿರುದ್ಧ 2–0. ಆಮೇಲೆ 2014, 2018ರಲ್ಲೂ ಚಿನ್ನ. 2014ರ ಸೋಚಿ ಫೈನಲ್‌ನಲ್ಲಿ ರಷ್ಯಾಕ್ಕೆ ಅದರ ನೆಲದಲ್ಲೇ ಸೊನ್ನೆ!

ವಿಡಿಯೊ ನೋಡುವುದಾದರೆ 2018ರ ಫೈನಲ್ ನೋಡಿ, ಎದುರಾಳಿ ಕೆನಡಾ. ಕೊನೇ ನಿಮಿಷದಲ್ಲಿ ಸಮ ಮಾಡಿದ್ದೂ, ಹೆಚ್ಚುವರಿ ಸಮಯದಲ್ಲಿ ಗೆಲ್ಲಿಸಿದ್ದೂ ಅಮೆರಿಕದ ಡೆಕ್ಲಾನ್ ಫಾರ್ಮರ್.