ಜಾಗತೀಕರಣ ಬಂದಮೇಲೆ ಜೀವನವಿಡೀ ಕಲಿಯುವುದು ಸರ್ಕಾರಿ ನೀತಿಯಾದದ್ದು ಹೇಗೆ?
ಸಿಂಗಪುರವನ್ನೇ ನೋಡಿ. ಅದರ ವಿದೇಶಿ ವ್ಯಾಪಾರ ಜಿಡಿಪಿಯ ಸುಮಾರು 3 ಪಟ್ಟು. ಹೊರಗಿನ ಕಂಪನಿ ಕಾರ್ಖಾನೆಯನ್ನು ಬೇರೆ ದೇಶಕ್ಕೆ ಸಾಗಿಸಿದರೆ, ಐವತ್ತರ ಕೆಲಸಗಾರ ಕಲಿತ ಕಸುಬಿಗೆ ಸಿಂಗಪುರದಲ್ಲಿ ಗಿರಾಕಿಯೇ ಇರುವುದಿಲ್ಲ. ಹಾಗಾಗಿ ಸರ್ಕಾರ 2015ರಲ್ಲಿ ಸ್ಕಿಲ್ಸ್‌ಫ್ಯೂಚರ್ ಯೋಜನೆ ತಂದು, 25 ತುಂಬಿದ ಪ್ರತಿ ಪ್ರಜೆಯ ಹೆಸರಿಗೆ 2016ರಲ್ಲಿ 500 ಸಿಂಗಪುರ ಡಾಲರ್ ಜಮೆ ಮಾಡಿತು. 40 ತುಂಬಿದವರಿಗೆ 2024ರಲ್ಲಿ ಇನ್ನೂ 4,000. ಇದು ನಗದಲ್ಲ, ಮಾನ್ಯತೆ ಇರುವ ಕೋರ್ಸುಗಳ ಶುಲ್ಕಕ್ಕೆ ಮಾತ್ರ.

ಆದರೆ ಶುಲ್ಕಕ್ಕಿಂತ ದೊಡ್ಡ ತೊಡಕು ಮನೆಖರ್ಚು. ಸಂಬಳ ಬಿಟ್ಟು ತರಗತಿಯಲ್ಲಿ ಕೂರುವುದು ಸಂಸಾರಸ್ಥರಿಗೆ ಸುಲಭವೇ? 2025ರಿಂದ ಪೂರ್ಣಾವಧಿ ಕಲಿಯುವ 40 ತುಂಬಿದವರಿಗೆ ತಿಂಗಳಿಗೆ 3,000 ಡಾಲರ್‌ವರೆಗೆ ಭತ್ಯೆಯೂ ಇದೆ. ನನ್ನ ದೃಷ್ಟಿಯಲ್ಲಿ ನಿಜವಾದ ನೆರವು ಇದೇ.